ಹನ್ನೆರಡು ಅಡಿ ಮುಖದ ಅಂಗಡಿಗೆ ಕಳವು ತಡೆ ಗೇಟು ಹೊಂದುತ್ತದೆಯೇ?

ಜವಳಿ_ಹಾಸನ
ಎಲ್ಲರಿಗೂ ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಬಾಡಿಗೆ ಮಳಿಗೆ, ಮುಖ ಹನ್ನೆರಡು ಅಡಿ, ಒಳಗೆ ಉದ್ದಕ್ಕೆ ಹೋಗುತ್ತದೆ, ಮೋಟಾರಿನ ರೋಲಿಂಗ್ ಶೆಟರ್ ಇದೆ, ಮೇಲೆ ಎಲ್‌ಇಡಿ ಬೋರ್ಡ್ ಇದೆ. ಹಾಸನಾಂಬ ದರ್ಶನದ ದಿನಗಳಲ್ಲಿ ಊರಿಗೆ ಊರೇ ಬೀದಿಗಿಳಿದಾಗ, ಅದರ ಬೆನ್ನಿಗೇ ದೀಪಾವಳಿಯ ವ್ಯಾಪಾರ ಏರಿದಾಗ, ಲೆಕ್ಕಕ್ಕೆ ಸಿಗದೆ ಹೋಗುವ ಮಾಲು ಹೆಚ್ಚುತ್ತಿರುವುದರಿಂದ, ದೊಡ್ಡ ಮಳಿಗೆಗಳಲ್ಲಿರುವಂತೆ ಬಾಗಿಲಿಗೆ ಬೀಪ್ ಗೇಟು ಹಾಕಿಸಬೇಕೆಂದು ಯೋಚಿಸುತ್ತಿದ್ದೇವೆ. ಇಬ್ಬರು ಮಾರಾಟಗಾರರು ಬಂದು ಹೋದರು. ಒಬ್ಬರು 8.2 ಎನ್ನುತ್ತಾರೆ, ಇನ್ನೊಬ್ಬರು 58 ಎನ್ನುತ್ತಾರೆ, ಇಬ್ಬರೂ "ಎಲ್ಲಿ ಬೇಕಾದರೂ ಕೂರುತ್ತದೆ" ಎನ್ನುತ್ತಾರೆ. ಬಾಗಿಲಿಗೆ ಟೇಪು ಹಿಡಿದು ಅಳತೆ ನೋಡಿದವರು ಮಾತ್ರ ಇಬ್ಬರಲ್ಲಿ ಒಬ್ಬರೂ ಇಲ್ಲ. ಇಂಥ ಅಂಗಡಿಗೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ದಿನಸಿ_ಸಂತೇಪೇಟೆ
ಅದೇ ಹಣಕ್ಕೆ ಬಾಗಿಲಲ್ಲಿ ಒಬ್ಬ ಚುರುಕು ಹುಡುಗನನ್ನು ನಿಲ್ಲಿಸಿ, ಸ್ವಾಮಿ.

ಅಳವಡಿಕೆಗಾರ
ಹಾಸನ, ಅರಸೀಕೆರೆ, ಚಿಕ್ಕಮಗಳೂರು ಕಡೆ ಇಂಥ ಗೇಟುಗಳನ್ನು ಕೂರಿಸುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ತಮಗೆ ಹೇಳಿರುವ ಎರಡೂ ಸಂಖ್ಯೆಗಳು ಬೇರೆ ಬೇರೆ ತಂತ್ರಗಳವು. 8.2 ಎಂದರೆ 8.2 ಮೆಗಾಹರ್ಟ್ಸ್, ಅಂದರೆ ಆರ್‌ಎಫ್ (ರೇಡಿಯೊ ತರಂಗದ) ಗೇಟು. ಮಾಲಿಗೆ ಹಾಕುವ ಇದರ ಟ್ಯಾಗಿನಲ್ಲಿ ಒಂದು ಸುರುಳಿ ಮತ್ತು ಒಂದು ಕೆಪಾಸಿಟರ್ ಮಾತ್ರ ಇರುತ್ತವೆ. ಗೇಟು 8.2ರ ಆಚೀಚೆ ತರಂಗಗಳನ್ನು ಏರಿಳಿಸುತ್ತಾ ಹೋಗುತ್ತದೆ, ಟ್ಯಾಗು ತನ್ನ ಸ್ಥಾನ ಬಂದಾಗ ಅನುರಣಿಸುತ್ತದೆ, ಆ ಬದಲಾವಣೆಯನ್ನು ಗೇಟು ಹಿಡಿಯುತ್ತದೆ. 58 ಎಂದರೆ 58 ಕಿಲೋಹರ್ಟ್ಸ್, ಅಂದರೆ ಎಎಂ (ಅಕೌಸ್ಟೊ-ಮ್ಯಾಗ್ನೆಟಿಕ್) ಗೇಟು. ಇದು ಕಾಂತಕ್ಷೇತ್ರವನ್ನು ಬಿಟ್ಟು ಬಿಟ್ಟು ಮಿಡಿಸುತ್ತದೆ. ಟ್ಯಾಗಿನೊಳಗಿನ ತೆಳ್ಳನೆಯ ಲೋಹದ ಪಟ್ಟಿ ಆ ಮಿಡಿತಕ್ಕೆ ಕಂಪಿಸಿ, ದೇವಸ್ಥಾನದ ಗಂಟೆಯಲ್ಲಿ ನಾದ ಉಳಿಯುವಂತೆ, ಗೇಟು ಸುಮ್ಮನಾದ ಮೇಲೂ ಕ್ಷಣಕಾಲ ಕಂಪಿಸುತ್ತಲೇ ಇರುತ್ತದೆ. ಗೇಟು ಕಿವಿಗೊಡುವುದು ಆ ಉಳಿದ ಕಂಪನಕ್ಕೆ.

ಈಗ ಅಳತೆಯ ಮಾತು. ಆರ್‌ಎಫ್‌ನಲ್ಲಿ ಕಾಗದದಂಥ ಅಂಟು ಲೇಬಲ್ ಬಳಸಿದರೆ ಎರಡು ಕಂಬಗಳ ನಡುವೆ ಮೂರರಿಂದ ನಾಲ್ಕು ಅಡಿ ಇಟ್ಟುಕೊಳ್ಳುವುದು ಕ್ಷೇಮ; ದೊಡ್ಡ ಗಟ್ಟಿ ಟ್ಯಾಗ್ ಬಳಸಿದರೆ ಐದು, ಬಹಳವೆಂದರೆ ಆರು ಅಡಿ. ಎಎಂನಲ್ಲಿ ಆರು ಅಡಿ ಸಾಮಾನ್ಯವಾಗಿ ಸಿಗುತ್ತದೆ, ಒಳ್ಳೆಯ ಪರಿಸರವಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ತಮ್ಮ ಹನ್ನೆರಡು ಅಡಿಗೆ ಒಂದು ಜೋಡಿ ಕಂಬ ಸಾಲುವುದಿಲ್ಲ. ಆರ್‌ಎಫ್ ಆದರೆ ಮೂರು ನಾಲ್ಕು ಕಂಬ, ಎಎಂ ಆದರೆ ಮೂರು ಬೇಕಾಗುತ್ತದೆ. ಇಲ್ಲವೇ ಗಾಜಿನ ಷೋಕೇಸ್ ಕಟ್ಟಿ ಬಾಗಿಲನ್ನೇ ಕಿರಿದು ಮಾಡಬೇಕಾಗುತ್ತದೆ.

ಜವಳಿ_ಹಾಸನ
ನಾಲ್ಕು ಕಂಬ ನಿಲ್ಲಿಸಿದರೆ ಅಂಗಡಿಯ ಮುಖ ಬಸ್ ನಿಲ್ದಾಣದ ಕಂಬಿ ಸಾಲಿನಂತೆ ಕಾಣುವುದಿಲ್ಲವೇ? ಬಾಗಿಲು ಕಿರಿದು ಮಾಡಿದರೆ ಹಬ್ಬದ ದಿನ ಜನ ಒಳಗೆ ಬರುವುದೇ ಕಷ್ಟ. ಕಂಬಗಳನ್ನು ಬಾಗಿಲ ಎರಡು ಅಂಚಿಗೆ ನಿಲ್ಲಿಸಿ ಶಕ್ತಿ ಹೆಚ್ಚಿಸಿದರೆ ಆಗದೇ?

ಅಳವಡಿಕೆಗಾರ
ಆಗುವುದಿಲ್ಲ. ಶಕ್ತಿ ಹೆಚ್ಚಿಸಿದರೆ ಗೇಟಿನ ಕ್ಷೇತ್ರ ನಡುವಿಗೆ ಮಾತ್ರವಲ್ಲ, ಹಿಂದಕ್ಕೂ ಪಕ್ಕಕ್ಕೂ ಹರಡುತ್ತದೆ. ಬಾಗಿಲ ಅಂಚೆಂದರೆ ತಮ್ಮಲ್ಲಿ ಶೆಟರ್ ಓಡುವ ಕಬ್ಬಿಣದ ಚಾನಲ್ಲು; ಅದಕ್ಕೆ ಅಂಟಿಸಿ ಕಂಬ ನಿಲ್ಲಿಸಿದರೆ ಕ್ಷೇತ್ರದ ಅರ್ಧ ಭಾಗವನ್ನು ಆ ಚಾನಲ್ಲೇ ನುಂಗುತ್ತದೆ. ಚಾನಲ್ಲಿನಿಂದ ಒಂದೆರಡು ಅಡಿ ಒಳಕ್ಕೆ ಸರಿಸಿ ಕೂರಿಸುವುದು ಕನಿಷ್ಠ ಅಗತ್ಯ.

ಪಾಠ_ಎಲೆಕ್ಟ್ರಾನಿಕ್ಸ್
ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಆರ್‌ಎಫ್ ಗೇಟಿನ ಬಳಿ ಕಬ್ಬಿಣವಿದ್ದರೆ ಸಂವೇದನೆ ಕುಗ್ಗುತ್ತದೆ ಎಂಬುದು ಅರ್ಧ ಸತ್ಯ ಮಾತ್ರ. ಲೋಹದ ಮುಚ್ಚಿದ ಬಳೆಯಾಕಾರವಿದ್ದರೆ, ಅಂದರೆ ಬಾಗಿಲ ಚೌಕಟ್ಟು, ಬಟ್ಟೆ ತೂಗುಹಾಕುವ ಪೈಪಿನ ಸ್ಟ್ಯಾಂಡ್, ಸುತ್ತಿ ಇಟ್ಟ ಎಕ್ಸ್‌ಟೆನ್ಷನ್ ವೈರು, ಇವುಗಳಲ್ಲಿ ಯಾವುದಾದರೂ 8.2ರ ಆಸುಪಾಸಿನಲ್ಲಿ ತಾನೇ ಅನುರಣಿಸಿ, ಟ್ಯಾಗೇ ಇಲ್ಲದೆ ಗೇಟು ಕೂಗುವಂತೆ ಮಾಡಬಹುದು. ಸುಳ್ಳು ಬೀಪ್ ಬಂದಾಗ ಮೊದಲು ನೋಡಬೇಕಾದದ್ದು ಕೌಂಟರಿನ ಕೆಳಗೆ ಸುರುಳಿ ಸುತ್ತಿ ಬಿಸಾಡಿದ ವೈರುಗಳನ್ನು.

ಸೀರೆ_ಅಂಗಡಿ_ಚಿಕ್ಕಮಗಳೂರು
ನಾವು ಎಂ.ಜಿ. ರಸ್ತೆಯ ಅಂಗಡಿಗೆ ಆರ್‌ಎಫ್ ಗೇಟು ಹಾಕಿಸಿದ್ದೇವೆ. ಬಾಗಿಲ ಅಳತೆಗಿಂತ ದೊಡ್ಡ ತೊಡಕು ಬಾಗಿಲ ಬಳಿಯ ಮಾಲು ಎಂದು ನನ್ನ ಅನುಭವ. ನಮ್ಮೂರಿನ ಅಂಗಡಿಗಳಲ್ಲಿ ಕಣ್ಣಿಗೆ ಬೀಳಲೆಂದು ಒಳ್ಳೆಯ ಸೀರೆ, ಚೂಡಿದಾರಗಳನ್ನು ಬಾಗಿಲಲ್ಲೇ ತೂಗುಹಾಕುವುದು ವಾಡಿಕೆ. ಟ್ಯಾಗ್ ಇರುವ ಮಾಲು ಗೇಟಿನಿಂದ ಮೂರು ನಾಲ್ಕು ಅಡಿ ದೂರವಿರಬೇಕೆಂದು ಹಾಕಿದವರು ಹೇಳಿದ್ದರು. ಗಾಳಿಗೆ ಒಂದು ಸೆರಗು ಹಾರಿ ಹತ್ತಿರ ಬಂದರೂ ಗೇಟು ಕೂಗುತ್ತದೆ. ಕೊನೆಗೆ ಬಾಗಿಲಲ್ಲಿ ಗೊಂಬೆಗೆ ಉಡಿಸಿದ ಸೀರೆಗಳಿಗೆ ಟ್ಯಾಗನ್ನೇ ತೆಗೆದುಬಿಟ್ಟೆವು; ಅಂದರೆ ಕದಿಯಲು ಅತ್ಯಂತ ಸುಲಭವಾದ ಜಾಗದಲ್ಲಿರುವ ಮಾಲಿಗೇ ಕಾವಲಿಲ್ಲದಂತಾಯಿತು.

ಇನ್ನೊಂದು ವಿಷಯ. ರೇಷ್ಮೆ ಸೀರೆಗೆ ಪಿನ್ನಿನ ಗಟ್ಟಿ ಟ್ಯಾಗ್ ಚುಚ್ಚಿದರೆ ತೂತು ಉಳಿಯುತ್ತದೆ, ಗಿರಾಕಿ ಅದನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. ನಾವು ಈಗ ಕುಚ್ಚಿನ ಕಡೆ ದಾರದ ಕುಣಿಕೆಯಲ್ಲಿ ಟ್ಯಾಗ್ ಕಟ್ಟುತ್ತಿದ್ದೇವೆ.

ದಿನಸಿ_ಸಂತೇಪೇಟೆ
ದಾರವನ್ನು ಕತ್ತರಿಸಲು ಕತ್ತರಿ ಸಾಕಲ್ಲವೇ, ಅಕ್ಕ?

ಸೀರೆ_ಅಂಗಡಿ_ಚಿಕ್ಕಮಗಳೂರು
ಸಾಕು. ಕತ್ತರಿ ತಂದು ಬರುವವರಿಗೆ ಬೀಗವೂ ಸಾಲದು. ಕೈಗೆ ಸಿಕ್ಕಿದ್ದನ್ನು ಸಂಚಿಗೆ ಸೇರಿಸಿಕೊಳ್ಳುವವರನ್ನು ತಡೆಯುವುದಷ್ಟೇ ಈ ಗೇಟಿನ ಕೆಲಸ, ಅಣ್ಣ.

ಪಾಠ_ಎಲೆಕ್ಟ್ರಾನಿಕ್ಸ್
ಮೇಡಂ, ಟ್ಯಾಗನ್ನು ಜರಿಯ ಅಂಚಿನಿಂದ ದೂರ ಕಟ್ಟಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ. ಅಸಲಿ ಜರಿಯಲ್ಲಿ ಲೋಹದ ಎಳೆ ಇರುವುದರಿಂದ, ಮಡಿಕೆ ಮೇಲೆ ಮಡಿಕೆಯಾಗಿ ಬಿದ್ದ ಜರಿ ಅಂಚಿನ ನಡುವೆ ಆರ್‌ಎಫ್ ಲೇಬಲ್ ಸಿಕ್ಕಿಕೊಂಡರೆ ಅದರ ಅನುರಣನದ ಸ್ಥಾನ ಜಾರಿ ಗೇಟಿಗೆ ಕೇಳಿಸದೇ ಹೋಗಬಹುದು. ಸೀರೆಯ ಒಡಲಿನ ಕಡೆಗೆ ಬರುವಂತೆ ಕಟ್ಟುವುದು ಉತ್ತಮ.

ಕಾಫಿಪುಡಿ_ಐಜಿ_ರಸ್ತೆ
ಬಟ್ಟೆಯವರ ನಡುವೆ ನಾನೊಬ್ಬ ಕಾಫಿಪುಡಿಯವನು. ವಾರದ ಕೊನೆಗೆ ಪ್ರವಾಸಿಗರು ತುಂಬಿದಾಗ ಕಾಫಿಪುಡಿ, ಏಲಕ್ಕಿ, ಮನೆಯಲ್ಲಿ ಮಾಡಿದ ಚಾಕಲೇಟು ಇವುಗಳ ಸಣ್ಣ ಪೊಟ್ಟಣಗಳೇ ಕಾಣೆಯಾಗುತ್ತವೆ. ಆರ್‌ಎಫ್ ಲೇಬಲ್ ತಂದು ಕಾಫಿಪುಡಿ ಪೊಟ್ಟಣಕ್ಕೆ ಅಂಟಿಸಿ ಗೇಟಿನ ನಡುವೆ ಹಿಡಿದರೆ ಸದ್ದೇ ಇಲ್ಲ. ಅದೇ ಲೇಬಲ್ಲನ್ನು ರಟ್ಟಿನ ಪೆಟ್ಟಿಗೆಗೆ ಅಂಟಿಸಿದರೆ ಕೂಗುತ್ತದೆ. ಮಾರಿದವರು "ಲೇಬಲ್ ಹಳೆಯದಾಗಿದೆ" ಎಂದರು.

ಅಳವಡಿಕೆಗಾರ
ಲೇಬಲ್ ಹಳೆಯದಾಗಿಲ್ಲ, ಸರ್. ಪರಿಮಳ ಹೋಗದಿರಲೆಂದು ಕಾಫಿಪುಡಿ ಪೊಟ್ಟಣದ ಒಳಪದರದಲ್ಲಿ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಆರ್‌ಎಫ್ ಲೇಬಲ್ ಅದರ ಮೇಲೆ ಕೂತ ಕ್ಷಣದಲ್ಲೇ ಸತ್ತಂತೆ. ಚಾಕಲೇಟಿನ ಹೊದಿಕೆ, ತುಪ್ಪದ ಡಬ್ಬಿ, ಮಕ್ಕಳ ಹಾಲಿನ ಪುಡಿಯ ಡಬ್ಬಿ, ಎಲ್ಲಕ್ಕೂ ಇದೇ ಕಥೆ. ಪೊಟ್ಟಣದ ಬಾಯಿಗೆ ರಟ್ಟಿನ ಚೀಟಿ ಕಟ್ಟಿ, ಹಾಳೆಯಿಂದ ದೂರ ನಿಲ್ಲುವಂತೆ ಲೇಬಲ್ಲನ್ನು ಆ ಚೀಟಿಗೆ ಅಂಟಿಸಿ ನೋಡಿ. ಅದೂ ಒಪ್ಪದಿದ್ದರೆ ಎಎಂ ಒಂದೇ ದಾರಿ.

ಪಾಠ_ಎಲೆಕ್ಟ್ರಾನಿಕ್ಸ್
ಎಎಂ ಎಲ್ಲಕ್ಕೂ ಮದ್ದು ಎಂದು ಓದುಗರು ತಿಳಿಯಬಾರದು. ಆವೃತ್ತಿ (ಫ್ರೀಕ್ವೆನ್ಸಿ) ಕಡಿಮೆಯಾದ್ದರಿಂದ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಅದರ ಕಾಂತಕ್ಷೇತ್ರ ಬಹುಮಟ್ಟಿಗೆ ದಾಟುತ್ತದೆ. ಆದರೆ ತಗಡಿನ ಡಬ್ಬಿ ಉಕ್ಕಿನದು. ಎಎಂ ಟ್ಯಾಗಿನಲ್ಲಿ ಕಂಪಿಸುವ ಪಟ್ಟಿಯ ಜೊತೆ ಒಂದು ಅರೆಗಟ್ಟಿ ಕಾಂತದ ಪಟ್ಟಿಯೂ ಇರುತ್ತದೆ, ಅದರ ಬಲದ ಮೇಲೆಯೇ ಕಂಪನದ ಸ್ಥಾನ ನಿಂತಿರುತ್ತದೆ. ಉಕ್ಕಿನ ಮೇಲೆ ನೇರವಾಗಿ ಅಂಟಿಸಿದರೆ ಆ ಹೊಂದಾಣಿಕೆ ತಪ್ಪುತ್ತದೆ. ಹಾಗೆಯೇ ಕಂಪಿಸುವ ಪಟ್ಟಿ ಒಳಗೆ ಸ್ವತಂತ್ರವಾಗಿ ಅಲುಗಾಡಬೇಕಾದ್ದರಿಂದ ಲೇಬಲ್ಲು ಸಣ್ಣ ಪೆಟ್ಟಿಗೆಯಂತೆ ಉಬ್ಬಿರುತ್ತದೆ. ಅದನ್ನು ಕಾಗದದಂತೆ ಒತ್ತಿ ಚಪ್ಪಟೆ ಮಾಡಿದರೆ, ಮಡಚಿದರೆ, ಕೆಟ್ಟಿತು. ಸೇಲ್ಸ್ ಹುಡುಗರು ಇದನ್ನು ತಿಳಿಯದೆ ಬೆರಳಿನಿಂದ ಒತ್ತಿ ಅಂಟಿಸುವುದನ್ನು ನೋಡಿದ್ದೇನೆ.

ಕಾಫಿಪುಡಿ_ಐಜಿ_ರಸ್ತೆ
ರಟ್ಟಿನ ಚೀಟಿಯ ಉಪಾಯ ಕೆಲಸ ಮಾಡಿತು. ಆದರೆ ಇನ್ನೂರು ಗ್ರಾಮಿನ ಪೊಟ್ಟಣಕ್ಕೆ ಚೀಟಿ, ಲೇಬಲ್, ಕೂಲಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಅರ್ಧ ಕೆ.ಜಿ.ಗಿಂತ ಮೇಲ್ಪಟ್ಟವಕ್ಕೆ ಮಾತ್ರ ಹಾಕಿ, ಸಣ್ಣವನ್ನು ಕೌಂಟರಿನ ಹಿಂದಿನ ಕಪಾಟಿಗೆ ಸಾಗಿಸುವುದೇ ಲೇಸು ಅನಿಸಿದೆ.

ಮೊಬೈಲ್_ಎನ್ಆರ್_ವೃತ್ತ
ಎಲ್ಲರೂ ಟ್ಯಾಗಿನ ಬಗ್ಗೆ ಮಾತನಾಡುತ್ತಿದ್ದೀರಿ, ಕರೆಂಟಿನ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ನಮ್ಮಲ್ಲಿ ಎಎಂ ಗೇಟು ಬೆಳಗ್ಗೆ ಚೆನ್ನಾಗಿರುತ್ತದೆ, ಸಂಜೆ ಬೋರ್ಡು ಹಚ್ಚಿದ ಮೇಲೆ ಮಂಕಾಗುತ್ತದೆ. ಗೇಟೇ ಕೆಟ್ಟಿದೆ ಎಂದು ಎರಡು ಸಲ ಬಿಚ್ಚಿಸಿ ನೋಡಿಸಿದೆವು.

ಅಳವಡಿಕೆಗಾರ
ಗೇಟು ಕೆಟ್ಟಿಲ್ಲ, ಬೋರ್ಡಿನ ಡ್ರೈವರ್ ಗದ್ದಲ ಮಾಡುತ್ತಿದೆ. ಅಗ್ಗದ ಎಲ್‌ಇಡಿ ಡ್ರೈವರ್, ಕಂಪ್ಯೂಟರಿನ ಪವರ್ ಸಪ್ಲೈ, ಯುಪಿಎಸ್, ಇವೆಲ್ಲ ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಉಪಕರಣಗಳು. 58 ಅದೇ ಬೀದಿಯಲ್ಲಿದೆ. ಗೇಟಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ವೈರು ಎಳೆಸಿ, ಸರಿಯಾದ ಅರ್ಥಿಂಗ್ ಕೊಡಿಸಿ, ಬೋರ್ಡಿನ ಡ್ರೈವರನ್ನು ಬದಲಿಸಿ ನೋಡಿ.

ದಿನಸಿ_ಸಂತೇಪೇಟೆ
ಹಾಗಾದರೆ ಕರೆಂಟು ಹೋದಾಗ ಗೇಟೂ ಹೋಯಿತು. ಕಳ್ಳನಿಗೆ ಕತ್ತಲೆಯೂ ಸಿಕ್ಕಿತು, ದಾರಿಯೂ ಸಿಕ್ಕಿತು.

ಮೊಬೈಲ್_ಎನ್ಆರ್_ವೃತ್ತ
ಇನ್ವರ್ಟರ್‌ಗೆ ಕೊಟ್ಟಿದ್ದೇವೆ, ಅಷ್ಟು ದಡ್ಡರಲ್ಲ. ಆದರೆ ವಿಚಿತ್ರವೇನೆಂದರೆ ಕರೆಂಟು ಹೋದಾಗಲೇ ಪಕ್ಕದ ಚಪ್ಪಲಿ ಅಂಗಡಿಯ ಗೇಟಿಗೂ ನಮ್ಮ ಗೇಟಿಗೂ ಜಗಳ ಶುರುವಾಗುತ್ತದೆ. ಒಂದಾದ ಮೇಲೊಂದು ಸುಮ್ಮನೆ ಕೂಗುತ್ತವೆ.

ಪಾಠ_ಎಲೆಕ್ಟ್ರಾನಿಕ್ಸ್
ಇದರಲ್ಲಿ ವಿಚಿತ್ರವೇನೂ ಇಲ್ಲ, ಮತ್ತು ಈ ಚರ್ಚೆಯಲ್ಲಿ ಅತ್ಯಂತ ಉಪಯುಕ್ತವಾದ ದೂರು ಇದೇ ಎಂದು ನನಗೆ ತೋರುತ್ತದೆ. ಎಎಂ ಗೇಟು ತನ್ನ ಮಿಡಿತದ ವೇಳೆಯನ್ನು ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತಿನ ಏರಿಳಿತಕ್ಕೆ ಹೊಂದಿಸಿಕೊಳ್ಳುತ್ತದೆ. ಅಕ್ಕಪಕ್ಕದ ಎರಡು ಗೇಟುಗಳು ಒಂದೇ ಜಾಲದ ವಿದ್ಯುತ್ತಿನಲ್ಲಿದ್ದರೆ, ಅಳವಡಿಸುವವರು ಎರಡೂ ಒಟ್ಟಿಗೆ ಮಾತನಾಡಿ ಒಟ್ಟಿಗೆ ಕಿವಿಗೊಡುವಂತೆ ಹೊಂದಿಸಬಹುದು. ಆ ಹೊಂದಿಕೆ ತಪ್ಪಿದರೆ, ನಿಮ್ಮ ಗೇಟು ಕಿವಿಗೊಟ್ಟ ಹೊತ್ತಿನಲ್ಲೇ ಪಕ್ಕದವರ ಗೇಟು ಮಿಡಿಯುತ್ತದೆ, ಆ ಮಿಡಿತವನ್ನು ನಿಮ್ಮದು ಟ್ಯಾಗಿನ ಉತ್ತರವೆಂದು ತಿಳಿಯುತ್ತದೆ. ಕರೆಂಟು ಹೋಗಿ ಇಬ್ಬರೂ ತಮ್ಮ ತಮ್ಮ ಇನ್ವರ್ಟರಿಗೆ ಬಂದಾಗ ಎರಡು ಇನ್ವರ್ಟರುಗಳಿಗೂ ಪರಸ್ಪರ ಯಾವ ಹೊಂದಿಕೆಯೂ ಇರುವುದಿಲ್ಲ. ಜಗಳಕ್ಕೆ ಕಾರಣ ಅದು.

ಅಳವಡಿಕೆಗಾರ
ಒಪ್ಪುತ್ತೇನೆ. ಇದಕ್ಕಾಗಿಯೇ, ಹೊಸದಾಗಿ ಎಎಂ ಹಾಕಿಸುವವರು ಎಡಕ್ಕೂ ಬಲಕ್ಕೂ ಮಹಡಿಗೂ ಹೋಗಿ ಅಲ್ಲಿ ಗೇಟು ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಗೋಡೆ ತೆಳ್ಳನೆಯ ಪ್ಲೈವುಡ್ ಆಗಿದ್ದರೆ ಆರ್‌ಎಫ್‌ನಲ್ಲೂ ಎಚ್ಚರ ಬೇಕು. ಗೋಡೆಯಾಚೆ ಪಕ್ಕದವರು ಟ್ಯಾಗ್ ಇರುವ ಚಪ್ಪಲಿಗಳ ಷೆಲ್ಫ್ ನಿಲ್ಲಿಸಿದ್ದರೆ ಅದು ನಿಮ್ಮ ಗೇಟಿನ ಹಿಂಬದಿಯ ಕ್ಷೇತ್ರಕ್ಕೆ ಸಿಗುತ್ತದೆ.

ಜವಳಿಯವರಿಗೆ ಇನ್ನೊಂದು ಮಾತು. ಮಳಿಗೆ ಬಾಡಿಗೆಯದು ಎಂದಿದ್ದೀರಿ. ಕಂಬದಿಂದ ಕಂಬಕ್ಕೆ ವೈರು ಹೋಗಲು ನೆಲದ ಟೈಲ್ಸ್ ಕೊಯ್ದು ಗಾಡಿ (ವೈರು ಹೋಗುವ ಕಾಲುವೆ) ಹೊಡೆಯಬೇಕಾಗುತ್ತದೆ, ಕಂಬಕ್ಕೆ ಬೋಲ್ಟು ಕೊರೆಯಬೇಕಾಗುತ್ತದೆ. ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ನೆಲ ಕೊಯ್ಯಲು ಒಪ್ಪದಿದ್ದರೆ ವೈರನ್ನು ಬಾಗಿಲ ಮೇಲಿನಿಂದ ಇಳಿಸಬಹುದು, ಇಲ್ಲವೇ ಪ್ರತಿ ಕಂಬವೂ ತಾನೇ ಕಳುಹಿಸಿ ತಾನೇ ಹಿಡಿಯುವ ಬಗೆಯ ಆರ್‌ಎಫ್ ಗೇಟನ್ನು ಆರಿಸಬಹುದು. ಬುಡದಲ್ಲಿ ಬೋಲ್ಟಿಲ್ಲದೆ ಅಂಟಿನಲ್ಲಿ ನಿಲ್ಲಿಸಿದ ಕಂಬವನ್ನು ಮಾತ್ರ ಒಪ್ಪಬೇಡಿ; ಹಬ್ಬದ ನೂಕುನುಗ್ಗಲಿನಲ್ಲಿ ಮಗುವಿನ ಮೇಲೆ ಬೀಳುತ್ತದೆ.

ಮಲೆನಾಡು_ಗೃಹಬಳಕೆ
ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ಕಡೆ ಜೂನ್ ಬಂತೆಂದರೆ ಇರಚಲು ಹೊಡೆಯದಿರಲೆಂದು ಶೆಟರನ್ನು ಅರ್ಧ ಇಳಿಸಿಯೇ ವ್ಯಾಪಾರ. ಗೇಟನ್ನು ಹೊಂದಿಸಿದ್ದು ಬೇಸಿಗೆಯಲ್ಲಿ, ಶೆಟರ್ ಪೂರ್ತಿ ಮೇಲಿದ್ದಾಗ. ಕಬ್ಬಿಣದ ಪರದೆ ತಲೆಯ ಮೇಲೆ ಇಳಿದ ದಿನದಿಂದ ಅದರ ವರ್ತನೆಯೇ ಬೇರೆಯಾಯಿತು. ಮತ್ತೆ ಕರೆಸಿ, ಶೆಟರ್ ಅರ್ಧ ಇಳಿಸಿ, ಎರಡನೆಯ ಸಲ ಹೊಂದಿಸಬೇಕಾಯಿತು.

ಯಂತ್ರಪ್ರಿಯ
ಇಷ್ಟೆಲ್ಲ ಹಳೆಯ ತಂತ್ರಗಳೇಕೆ? ಇಂಥ ಗೇಟುಗಳು ಅಮೆರಿಕದಲ್ಲಿ 1960ರ ದಶಕದಲ್ಲಿ ಬಂದವು. ಈಗ ಪ್ರತಿ ಮಾಲಿನ ಗುರುತನ್ನು ರೇಡಿಯೊ ತರಂಗದಿಂದ ಓದುವ ಆರ್‌ಎಫ್‌ಐಡಿ ಇದೆ. ಯಾವ ಮಾಲು ಹೋಯಿತು, ಯಾವ ಸೈಜು, ಯಾವ ಬಣ್ಣ ಎಂದು ಪರದೆಯ ಮೇಲೆ ಬರುತ್ತದೆ. ಆನ್‌ಲೈನಿನಲ್ಲಿ ಹೊರದೇಶದ ರೀಡರ್‌ಗಳು ಅಗ್ಗಕ್ಕೆ ಸಿಗುತ್ತವೆ.

ಪಾಠ_ಎಲೆಕ್ಟ್ರಾನಿಕ್ಸ್
ಆನ್‌ಲೈನಿನಲ್ಲಿ ಕೊಳ್ಳುವ ಮೊದಲು ಆವೃತ್ತಿ ನೋಡಿ. ಭಾರತದಲ್ಲಿ ಇಂಥ ಸಾಧನಗಳಿಗೆ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ರೀಡರುಗಳು 902ರಿಂದ 928ರಲ್ಲಿ ಕೆಲಸ ಮಾಡುತ್ತವೆ. ಅವನ್ನು ಇಲ್ಲಿ ಹಚ್ಚುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಆರ್‌ಎಫ್‌ಐಡಿ ದೂರದಿಂದ ಓದುತ್ತದೆ ಎಂಬ ಅದರ ಗುಣವೇ ಸಣ್ಣ ಅಂಗಡಿಗೆ ದೋಷ. ಹನ್ನೆರಡು ಅಡಿ ಅಗಲದ ಮಳಿಗೆಯಲ್ಲಿ ಷೆಲ್ಫಿನಲ್ಲಿರುವ ಅಂಗಿಯೂ ಬಾಗಿಲು ದಾಟುತ್ತಿರುವ ಅಂಗಿಯೂ ರೀಡರಿಗೆ ಒಂದೇ ರೀತಿ ಕಾಣುತ್ತವೆ. ನೀರಿನ ಬಾಟಲಿ ಅಥವಾ ಮೈಗೆ ಒತ್ತಿಕೊಂಡ ಟ್ಯಾಗನ್ನು ಅದು ಓದದೆಯೂ ಹೋಗುತ್ತದೆ. ದಾಸ್ತಾನು ಎಣಿಸಲು ಅದು ಶ್ರೇಷ್ಠ, ಬಾಗಿಲು ಕಾಯಲು ಅಲ್ಲ.

ಯಂತ್ರಪ್ರಿಯ
ದೊಡ್ಡ ಬ್ರ್ಯಾಂಡುಗಳು ಬಾಗಿಲಲ್ಲೂ ಅದನ್ನೇ ಬಳಸುತ್ತಿವೆಯಲ್ಲ.

ಪಾಠ_ಎಲೆಕ್ಟ್ರಾನಿಕ್ಸ್
ಅವರ ಬಾಗಿಲಿಗೂ ಮೊದಲ ಷೆಲ್ಫಿಗೂ ನಡುವೆ ಜವಳಿಯವರ ಇಡೀ ಅಂಗಡಿ ಹಿಡಿಸುತ್ತದೆ.

ಹೃದಯ_ಕಾಳಜಿ
ನಮ್ಮ ತಂದೆಯವರಿಗೆ ಪೇಸ್‌ಮೇಕರ್ ಇದೆ. ಇಂಥ ಗೇಟಿರುವ ಅಂಗಡಿಗೆ ಅವರು ಹೋಗಬಹುದೇ? ಈ ಪ್ರಶ್ನೆಯನ್ನು ಅಂಗಡಿಯವರು ಯಾರೂ ಎತ್ತಿದಂತೆ ಕಾಣಲಿಲ್ಲ.

ಅಳವಡಿಕೆಗಾರ
ಹೋಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲೇ ಈ ಬಗ್ಗೆ ಸೂಚನೆ ಕೊಟ್ಟಿದೆ. ಸಾಮಾನ್ಯ ನಡಿಗೆಯಲ್ಲಿ ದಾಟಿ ಹೋಗಬೇಕು, ಗೇಟಿನ ನಡುವೆ ನಿಲ್ಲಬಾರದು, ಕಂಬಕ್ಕೆ ಒರಗಬಾರದು. ವೈದ್ಯರನ್ನೂ ಒಮ್ಮೆ ಕೇಳಿಕೊಳ್ಳಿ. ಅಂಗಡಿಯವರ ಕರ್ತವ್ಯವೆಂದರೆ ಗೇಟನ್ನು ಯಾವುದೋ ರಟ್ಟಿನ ಜಾಹೀರಾತಿನಲ್ಲಿ ಮರೆಮಾಡದೆ ಕಾಣುವಂತೆ ಇಡುವುದು, ಮತ್ತು ಕುರ್ಚಿಯನ್ನು ಕಂಬದ ಪಕ್ಕ ಹಾಕದಿರುವುದು. ಹಿರಿಯರು ಹೆಂಗಸರ ಖರೀದಿ ಮುಗಿಯುವ ತನಕ ಬಾಗಿಲ ಕುರ್ಚಿಯಲ್ಲಿ ಕೂರುವುದು ನಮ್ಮ ಬಟ್ಟೆ ಅಂಗಡಿಗಳ ರೂಢಿಯಲ್ಲವೇ.

ವಕೀಲ_ಹಾಸನ
ಬೀಪ್ ಆದ ಮೇಲೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ, ಆದ್ದರಿಂದ ನಾನು ಬರುತ್ತೇನೆ. ಗೇಟು ಕೂಗಿದ್ದು ಕಳವಿಗೆ ಸಾಕ್ಷಿಯಲ್ಲ. ಮೇಲೆ ಬರೆದವರೆಲ್ಲ ಸೇರಿ ವೈರಿನ ಸುರುಳಿ, ಬಾಗಿಲ ಚೌಕಟ್ಟು, ಪಕ್ಕದ ಅಂಗಡಿ ಎಂದು ಅದು ಸುಮ್ಮನೆ ಕೂಗಲು ಇರುವ ಕಾರಣಗಳ ಪಟ್ಟಿಯನ್ನೇ ಒದಗಿಸಿದ್ದೀರಿ. ಎದುರು ಪಕ್ಷದ ವಕೀಲರಿಗೆ ಅಷ್ಟೇ ಸಾಕು.

ಗಿರಾಕಿಯನ್ನು ಕೈಹಿಡಿದು ನಿಲ್ಲಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 126ರ ಅಕ್ರಮ ತಡೆ ಆಗಬಹುದು. ಒಳಗಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರೆ ಕಲಂ 127ರ ಅಕ್ರಮ ಬಂಧನ. ಚೀಲವನ್ನು ಅವರ ಒಪ್ಪಿಗೆಯಿಲ್ಲದೆ ತಡಕುವ ಅಧಿಕಾರ ಅಂಗಡಿಯವರಿಗಿಲ್ಲ, ಅದರಲ್ಲೂ ಹೆಂಗಸರ ಚೀಲಕ್ಕೆ ಗಂಡಸು ಕಾವಲುಗಾರ ಕೈಹಾಕುವುದಂತೂ ಸಲ್ಲದು. "ದಯವಿಟ್ಟು ಒಂದು ನಿಮಿಷ, ನಮ್ಮ ಹುಡುಗರು ಟ್ಯಾಗ್ ತೆಗೆಯಲು ಮರೆತಿರಬೇಕು, ಕೌಂಟರಿಗೆ ಬನ್ನಿ" ಎಂಬ ಮಾತನ್ನು ಸಿಬ್ಬಂದಿಗೆ ಬಾಯಿಪಾಠ ಮಾಡಿಸಿ. ಹತ್ತರಲ್ಲಿ ಬಹುಪಾಲು ಅದೇ ನಿಜವೂ ಆಗಿರುತ್ತದೆ.

ಜವಳಿ_ಹಾಸನ
ವಕೀಲರೇ, ನಿಜವಾಗಿಯೂ ಕದ್ದ ಮಾಲು ಕೈಗೆ ಸಿಕ್ಕರೆ?

ವಕೀಲ_ಹಾಸನ
ಪೊಲೀಸರಿಗೆ ತಿಳಿಸಿ, ಕ್ಯಾಮೆರಾ ದೃಶ್ಯವನ್ನು ಅಳಿಸಿಹೋಗದಂತೆ ತೆಗೆದಿಡಿ. ಹೊಸ ಸಂಹಿತೆಯ ಕಲಂ 303ರಲ್ಲಿ, ಮಾಲಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲದ ತಪ್ಪಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ. ತಮ್ಮ ಅಂಗಡಿಯ ಹೆಚ್ಚಿನ ಪ್ರಕರಣಗಳು ಈ ಮಿತಿಯೊಳಗೇ ಬರುತ್ತವೆ. ಕಂಬಕ್ಕೆ ಕಟ್ಟಿಹಾಕಿ ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವವರು ಕಳ್ಳನಿಗಿಂತ ದೊಡ್ಡ ಅಪರಾಧಕ್ಕೆ ಸಿಲುಕಬಹುದು.

ದಿನಸಿ_ಸಂತೇಪೇಟೆ
ಇದಕ್ಕೇ ನಾನು ಮೊದಲೇ ಹುಡುಗನನ್ನು ನಿಲ್ಲಿಸಿ ಎಂದದ್ದು.

ಸೀರೆ_ಅಂಗಡಿ_ಚಿಕ್ಕಮಗಳೂರು
ಹುಡುಗ ಊಟಕ್ಕೆ ಹೋಗುತ್ತಾನೆ, ಪರಿಚಯದವರನ್ನು ನೋಡಿ ಮುಖ ತಿರುಗಿಸುತ್ತಾನೆ. ಗೇಟಿಗೆ ಯಾರ ಪರಿಚಯವೂ ಇಲ್ಲ. ನಮ್ಮಲ್ಲಿ ಗೇಟು ಬಂದ ಮೇಲೆ ಟ್ರಯಲ್ ಕೋಣೆಯಲ್ಲಿ ಬಿದ್ದಿರುವ ಖಾಲಿ ಹ್ಯಾಂಗರುಗಳು ಕಡಿಮೆಯಾಗಿವೆ. ಎಷ್ಟು ಹಿಡಿಯಿತು ಎನ್ನುವುದಕ್ಕಿಂತ ಎಷ್ಟು ಹೆದರಿಸಿತು ಎನ್ನುವುದೇ ನಮಗೆ ಲಾಭ.

ಅಳವಡಿಕೆಗಾರ
ಜವಳಿಯವರೇ, ತಮ್ಮ ಅಂಗಡಿಗೆ ನನ್ನ ಸಲಹೆ ಇದು. ಬಟ್ಟೆಯೇ ಮಾಲಾದ್ದರಿಂದ ಫಾಯಿಲಿನ ತೊಂದರೆ ಇಲ್ಲ. ಗಟ್ಟಿ ಟ್ಯಾಗಿನ ಆರ್‌ಎಫ್ ಸಾಕು. ಎಡಬದಿಯ ನಾಲ್ಕು ಅಡಿಗೆ ಗಾಜಿನ ಷೋಕೇಸ್ ಕೂರಿಸಿದರೆ ಉಳಿದ ಎಂಟು ಅಡಿಗೆ ಮೂರು ಕಂಬ ನಿಲ್ಲುತ್ತವೆ. ಹಣ ಕೊಡುವ ಮೊದಲು ಗೇಟನ್ನು ಸಂಜೆ ಹೊತ್ತು, ಬೋರ್ಡು ಹಚ್ಚಿ, ಶೆಟರ್ ಮೋಟಾರು ಓಡಿಸಿ, ಇನ್ವರ್ಟರಿಗೂ ಒಮ್ಮೆ ಬದಲಿಸಿ, ತಮ್ಮದೇ ಮಾಲಿಗೆ ಟ್ಯಾಗ್ ಹಾಕಿ, ಪಾದದ ಮಟ್ಟದಲ್ಲಿ, ಸೊಂಟದ ಮಟ್ಟದಲ್ಲಿ, ತಲೆಯ ಮಟ್ಟದಲ್ಲಿ, ಟ್ಯಾಗನ್ನು ಅಡ್ಡ ಹಿಡಿದು, ಉದ್ದ ಹಿಡಿದು, ಮೈಗೆ ಒತ್ತಿಕೊಂಡು ದಾಟಿ ನೋಡಿ. ಟ್ಯಾಗ್ ತಿರುಗಿದ ದಿಕ್ಕಿನ ಮೇಲೆ ಹಿಡಿತ ಬದಲಾಗುತ್ತದೆ. ನೂರಕ್ಕೆ ನೂರು ಎನ್ನುವ ಮಾರಾಟಗಾರರನ್ನು ಅಲ್ಲಿಯೇ ಕಳುಹಿಸಿಬಿಡಿ.

ಜವಳಿ_ಹಾಸನ
ಬಹಳ ಉಪಕಾರವಾಯಿತು. ಕೊನೆಯದಾಗಿ ಒಂದು ಸಂದೇಹ. ಬೆಂಗಳೂರಿನ ಶಾಪಿಂಗ್ ಮಾಲ್‌ನಲ್ಲಿ ಕೊಂಡ ಷೂ ಹಾಕಿಕೊಂಡು ಬಂದ ಗಿರಾಕಿ, ಒಳಗಿರುವ ಲೇಬಲ್ ನಿಷ್ಕ್ರಿಯವಾಗದೆ ಉಳಿದಿದ್ದರೆ, ನಮ್ಮ ಬಾಗಿಲಲ್ಲೂ ಕೂಗಿಸುತ್ತಾರೆಯೇ?

ಅಳವಡಿಕೆಗಾರ
ಒಳಗಿರುವುದು ಆರ್‌ಎಫ್ ಲೇಬಲ್ ಆಗಿದ್ದರೆ ಒಳಗೆ ಬರುವಾಗಲೇ ಕೂಗುತ್ತದೆ. ಹಾಗೆ ಬರುವಾಗ ಕೂಗಿದವರನ್ನು ಸಿಬ್ಬಂದಿ ಗುರುತಿಟ್ಟುಕೊಳ್ಳಬೇಕು, ಹೋಗುವಾಗ ಅವಮಾನ ಮಾಡಬಾರದು. ಒಪ್ಪಿದರೆ, ಲೇಬಲ್ ಸಾಯಿಸುವ ಪ್ಯಾಡು ಕೌಂಟರಿನಲ್ಲಿದ್ದರೆ, ಅದರ ಮೇಲೆ ಷೂ ಇಡಿಸಿ ನಿಷ್ಕ್ರಿಯಗೊಳಿಸಿ ಕೊಡಿ. ಎಎಂ ಲೇಬಲ್ ಆಗಿದ್ದರೆ ತಮ್ಮ ಪ್ಯಾಡಿಗೆ ಅದನ್ನು ಸಾಯಿಸಲು ಬರುವುದಿಲ್ಲ, ಆದರೆ ತಮ್ಮ ಗೇಟಿಗೆ ಅದು ಕೇಳಿಸುವುದೂ ಇಲ್ಲ. ಆ ಗಿರಾಕಿ ಎನ್.ಆರ್. ವೃತ್ತದ ಮೊಬೈಲ್ ಅಂಗಡಿಯಲ್ಲಿ ಕೂಗಿಸುತ್ತಾರೆ.

ಮೊಬೈಲ್_ಎನ್ಆರ್_ವೃತ್ತ
ಅದೂ ನಮಗೇ ಬಂತೇ!